ಸಹಿ ಹಾಕಿಸಿಕೊಂಡಿರಿ, ಕೈಗೆ ಏನು ಕೊಟ್ಟಿರಿ?

ಕಥೋಲಿಕ ಶಾಲೆಗಳ ಹೊಣೆ ಹೊತ್ತಿರುವ ಪರಮಪೂಜ್ಯ ಧರ್ಮಾಧ್ಯಕ್ಷರಿಗೆ (ಬಿಷಪರಿಗೆ), ವಂದನೀಯ ಗುರುಗಳಿಗೆ (ಪಾದ್ರಿಗಳಿಗೆ), ಧರ್ಮಭಗಿನಿಯರಿಗೆ ಮತ್ತು ಆಡಳಿತ ಮಂಡಳಿಗಳ ಮಾನ್ಯ ಸದಸ್ಯರಿಗೆ,

ಗೌರವಪೂರ್ವಕ ವಂದನೆಗಳು.

ನಾನು ಇಬ್ಬರು ಮಕ್ಕಳ ತಂದೆ. ಮಗಳು ಏಳನೆಯ ತರಗತಿ, ಮಗ ಮೂರನೆಯ ತರಗತಿ. ಇಬ್ಬರೂ ಓದುತ್ತಿರುವುದು ಧರ್ಮಭಗಿನಿಯರು ನಡೆಸುವ ಶಾಲೆಯೊಂದರಲ್ಲಿ. ನಾನೂ ಅಂಥದೇ ಶಾಲೆಯ ಪಡಸಾಲೆಗಳಲ್ಲಿ ಓಡಾಡಿ ಬೆಳೆದವನು. ನನ್ನ ಅಕ್ಷರ ದುಂಡಗಿದೆ ಎಂದು ಯಾರಾದರೂ ಹೊಗಳಿದರೆ ಅದರ ಪುಣ್ಯ ಎರಡನೆಯ ತರಗತಿಯಲ್ಲಿ ಕೈಹಿಡಿದು ತಿದ್ದಿಸಿದ ಸಿಸ್ಟರ್ ಒಬ್ಬರಿಗೆ ಸೇರಬೇಕು. ಆದ್ದರಿಂದ ಶಾಲೆಯ ಮೇಲೆ ಹಗೆ ಸಾಧಿಸಲು ಹೊರಟವನ ಬರಹವೆಂದು ಇದನ್ನು ಓದಬೇಡಿ. ಮನೆಯ ಮಾತು ಬೀದಿಗೆ ಏಕೆ ಬಂತು ಎಂದು ನೀವು ಕೇಳಬಹುದು. ಒಳಗೆ ಮೂರು ಬಾರಿ ಹೇಳಿ ನೋಡಿದ ಮೇಲೆಯೇ ಬಂದಿದೆ. ಮಾತು ಇಷ್ಟೇ: ಮಕ್ಕಳ ಸುರಕ್ಷತೆ ಮತ್ತು ಓದಿನ ಬಗ್ಗೆ ಪೋಷಕರು ತಿಳಿದಿರಬೇಕಾದ್ದನ್ನು ಶಾಲೆ ನಮ್ಮ ಕೈಗೆ ಕೊಡುತ್ತಿಲ್ಲ.

ಪ್ರತಿ ಶೈಕ್ಷಣಿಕ ವರ್ಷದ ಆರಂಭದಲ್ಲಿ ಮಕ್ಕಳ ಚೀಲದಲ್ಲಿ ಶಾಲೆಯ ಡೈರಿ ಬರುತ್ತದೆ. ಮೊದಲ ಪುಟದಲ್ಲಿ ಸಂಸ್ಥಾಪಕರ ಚಿತ್ರ, ಎರಡನೆಯದರಲ್ಲಿ ಪ್ರಾರ್ಥನೆ, ಆಮೇಲೆ ಶಾಲಾಗೀತೆ, ರಜೆಗಳ ಪಟ್ಟಿ, ನಿಯಮಗಳು. ಉಗುರು ಎಷ್ಟಿರಬೇಕು, ರಿಬ್ಬನ್ ಯಾವ ಬಣ್ಣದ್ದು, ಬೂಟಿಗೆ ಪಾಲಿಶ್ ಇಲ್ಲದಿದ್ದರೆ ಏನಾಗುತ್ತದೆ, ತಡವಾಗಿ ಬಂದರೆ ದಂಡ ಎಷ್ಟು, ಶುಲ್ಕ ಕಟ್ಟಲು ಕೊನೆಯ ದಿನ ಯಾವುದು ಎಂಬುದೆಲ್ಲ ಸ್ಪಷ್ಟವಾಗಿದೆ. ಕೊನೆಯ ಪುಟದಲ್ಲಿ ಚುಕ್ಕೆಗೆರೆಯ ಉದ್ದಕ್ಕೂ ಕತ್ತರಿಸಿ ಹಿಂದಿರುಗಿಸಬೇಕಾದ ಒಂದು ಚೀಟಿ: 'ಮೇಲಿನ ನಿಯಮಗಳನ್ನೆಲ್ಲ ಓದಿ ಒಪ್ಪಿದ್ದೇನೆ. ಪೋಷಕರ ಸಹಿ.' ಏಳು ವರ್ಷ ಆ ಚೀಟಿಗೆ ಸಹಿ ಹಾಕಿ ಕಳುಹಿಸಿದ್ದೇನೆ. ಒಮ್ಮೆಯೂ ಓದಿರಲಿಲ್ಲ. ಈ ತಪ್ಪು ನನ್ನದು, ಒಪ್ಪಿಕೊಳ್ಳುತ್ತೇನೆ.

ಕಳೆದ ವರ್ಷ ಒಂದು ರಾತ್ರಿ ಅದನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದೆ.

ಮಗಳು ಶಾಲೆಯ ಕ್ರೀಡಾ ತಂಡಕ್ಕೆ ಆಯ್ಕೆಯಾಗಿದ್ದಳು. ತರಬೇತುದಾರರು ಅಭ್ಯಾಸದ ವೇಳೆಯನ್ನು ತಿಳಿಸಲು ಆಕೆಯ ತಾಯಿಯ ಹಳೆಯ ಮೊಬೈಲಿಗೆ ಸಂದೇಶ ಕಳುಹಿಸುತ್ತಿದ್ದರು. ಆ ಮೊಬೈಲು ಹೆಚ್ಚಾಗಿ ಮಗಳ ಕೈಯಲ್ಲೇ ಇರುತ್ತಿತ್ತು. ಮೊದಲ ವಾರ ಬರೀ ವೇಳೆ ಬಂತು. ಎರಡನೆಯ ವಾರ 'ತಂಡದಲ್ಲಿ ನಿನ್ನಷ್ಟು ಚೆನ್ನಾಗಿ ಆಡುವವರು ಇಲ್ಲ' ಎಂಬ ಮಾತು. ಆಮೇಲೆ ರಾತ್ರಿ ಹತ್ತೂವರೆಗೆ 'ಇನ್ನೂ ಮಲಗಿಲ್ಲವೇ?' ಕೊನೆಗೆ, 'ನಾವಿಬ್ಬರು ಮಾತನಾಡುವುದನ್ನು ಉಳಿದವರಿಗೆ ಹೇಳಬೇಡ, ಅವರಿಗೆ ಹೊಟ್ಟೆಕಿಚ್ಚು.' ಮಗಳು ಮೊಬೈಲನ್ನು ಅವಳ ತಾಯಿಯ ಮುಂದೆ ಹಿಡಿದು, 'ಅಮ್ಮಾ, ಇದಕ್ಕೆ ಏನೆಂದು ಉತ್ತರ ಬರೆಯಲಿ?' ಎಂದು ಕೇಳಿದಳು. ಮಾರ್ಕ್ಸ್ ಕಾರ್ಡಿಗೆ ಸಹಿ ಕೇಳುವಾಗ ಇರುವಷ್ಟೇ ಸಹಜ ದನಿ.

ಆ ಸಂದೇಶಗಳಲ್ಲಿ ಕೆಟ್ಟ ಪದ ಒಂದೂ ಇರಲಿಲ್ಲ. ಒಂದೊಂದನ್ನೇ ಬಿಡಿಯಾಗಿ ತೋರಿಸಿದರೆ ಯಾರಾದರೂ 'ಇದರಲ್ಲೇನಿದೆ' ಎನ್ನಬಹುದು. ಸಾಲಾಗಿ ಓದಿದಾಗ ಮಾತ್ರ ಎದೆ ಝಲ್ಲೆನ್ನುತ್ತದೆ. ಮಕ್ಕಳ ರಕ್ಷಣೆಯ ಕೆಲಸ ಮಾಡುವವರನ್ನು ಕೇಳಿ ಆಮೇಲೆ ತಿಳಿದುಕೊಂಡೆ: ಮಗುವನ್ನು ಗುಂಪಿನಿಂದ ಬೇರೆ ಮಾಡುವುದು, ವಿಶೇಷ ಹೊಗಳಿಕೆ, ಉಡುಗೊರೆ, ಹೊತ್ತಲ್ಲದ ಹೊತ್ತಿನ ಮಾತು, ಕೊನೆಗೆ ಗುಟ್ಟು, ಇವು ಒಂದರ ಹಿಂದೊಂದು ಬರುವಾಗ ಎಚ್ಚರಗೊಳ್ಳಬೇಕಂತೆ. ಮಕ್ಕಳಿಗೆ ಕೇಡು ಮಾಡುವವರು ಬಹುಪಾಲು ಅಪರಿಚಿತರಲ್ಲ, ಮಗುವಿಗೂ ಮನೆಯವರಿಗೂ ಗೊತ್ತಿರುವವರೇ ಎಂದೂ ಹೇಳಿದರು. ನಾವಾದರೋ 'ಗುರುತಿಲ್ಲದವರು ಕರೆದರೆ ಹೋಗಬೇಡ' ಎಂದಷ್ಟೇ ಕಲಿಸಿದ್ದೆವು.

ಹಾಗಾಗಿ ಅಂದು ರಾತ್ರಿ ಡೈರಿ ತೆರೆದೆ. ಇಂಥ ಸಂದರ್ಭದಲ್ಲಿ ಯಾರಿಗೆ ಹೇಳಬೇಕು? ಒಂದು ಹೆಸರು, ಒಂದು ದೂರವಾಣಿ ಸಂಖ್ಯೆ, ಒಂದು ಸಾಲು? ರಿಬ್ಬನ್ನಿನ ಬಣ್ಣಕ್ಕೆ ಮೂರು ಸಾಲು ಇದ್ದವು. ಇದಕ್ಕೆ ಏನೂ ಇರಲಿಲ್ಲ.

ಮರುದಿನ ಮುಖ್ಯೋಪಾಧ್ಯಾಯಿನಿಯವರ ಕೋಣೆಯ ಹೊರಗಿನ ಬೆಂಚಿನ ಮೇಲೆ ಒಂದೂಮುಕ್ಕಾಲು ಗಂಟೆ ಕುಳಿತೆ. ಎದುರಿನ ಗೋಡೆಯಲ್ಲಿ ಯೇಸುವಿನ ಪವಿತ್ರ ಹೃದಯದ ಚಿತ್ರ, ಅದರ ಕೆಳಗೆ ಪ್ಲಾಸ್ಟಿಕ್ ಹೂಗಳು, ಪಕ್ಕದಲ್ಲಿ ಹಳೆಯ ವಿದ್ಯಾರ್ಥಿಗಳ ಸಾಧನೆಯ ಫಲಕ. ಒಳಗೆ ಕರೆದ ಸಿಸ್ಟರ್ ಸೌಜನ್ಯದಿಂದಲೇ ಮಾತನಾಡಿದರು. 'ಅವರು ಅಂಥವರಲ್ಲ' ಎಂದರು. 'ತಂಡಕ್ಕಾಗಿ ಬಹಳ ಕಷ್ಟಪಡುತ್ತಾರೆ' ಎಂದರು. 'ನೀವು ತುಸು ಹೆಚ್ಚಾಗಿ ಯೋಚಿಸುತ್ತಿದ್ದೀರಿ' ಎಂದರು. ನಾನು ಒಂದೇ ಪ್ರಶ್ನೆ ಕೇಳಿದೆ: ಸಿಬ್ಬಂದಿಯೊಬ್ಬರು ಮಗುವಿಗೆ ಖಾಸಗಿಯಾಗಿ ಸಂದೇಶ ಕಳುಹಿಸಬಹುದೇ ಬಾರದೇ ಎಂದು ಶಾಲೆಯಲ್ಲಿ ಏನಾದರೂ ನಿಯಮ ಇದೆಯೇ? ಅವರು ಕೆಲಹೊತ್ತು ಸುಮ್ಮನಿದ್ದು ಮೇಜಿನ ಕೆಳಗಿನ ಖಾನೆಯನ್ನು ಎಳೆದರು. ಶುಲ್ಕದ ರಸೀದಿ ಪುಸ್ತಕಗಳ ಅಡಿಯಿಂದ ನೀಲಿ ಕಡತವೊಂದು ಹೊರಗೆ ಬಂತು. 'ಮಕ್ಕಳ ರಕ್ಷಣಾ ನೀತಿ.' ಇಪ್ಪತ್ತನಾಲ್ಕು ಪುಟ.

ಅದರ ಒಂಬತ್ತನೆಯ ಪುಟದಲ್ಲಿ ನಾನು ಕೇಳಿದ ಉತ್ತರ ಅಚ್ಚಾಗಿತ್ತು. ಸಿಬ್ಬಂದಿ ಮಕ್ಕಳೊಡನೆ ಖಾಸಗಿ ಸಂದೇಶ ವಿನಿಮಯ ಮಾಡಬಾರದು. ಎಲ್ಲ ಸಂಪರ್ಕವೂ ಪೋಷಕರ ಮೂಲಕವೇ ಆಗಬೇಕು. ಒಬ್ಬ ವಯಸ್ಕರು ಒಂದು ಮಗುವಿನೊಡನೆ ಮುಚ್ಚಿದ ಕೋಣೆಯಲ್ಲಿ ಇರಬಾರದು. ಬಾಗಿಲಲ್ಲಿ ಗಾಜಿನ ಕಿಂಡಿ ಇರಬೇಕು. ದೂರು ಬಂದ ದಿನವೇ ಅದನ್ನು ಬರೆದಿಡಬೇಕು. ಎಷ್ಟು ವಿವೇಕದ ಬರಹ! ಯಾರೋ ಕುಳಿತು ಯೋಚಿಸಿ ಬರೆದದ್ದು. 'ಇದರ ಪ್ರತಿ ಕೊಡುವಿರಾ?' ಎಂದು ಕೇಳಿದೆ. 'ಅದು ಆಂತರಿಕ ಕಡತ. ಪರಿಶೀಲನೆಗೆ ಬಂದವರು ಕೇಳಿದರೆ ತೋರಿಸಬೇಕು ಎಂದು ಇಟ್ಟುಕೊಂಡಿದ್ದೇವೆ. ಬೇಕಾದರೆ ಇಲ್ಲೇ ಕುಳಿತು ಓದಿ' ಎಂದರು. ಮತ್ತೆ ಅದೇ ಬೆಂಚಿನ ಮೇಲೆ ಕುಳಿತು ಓದಿದೆ. ಜವಾನ ಎರಡು ಬಾರಿ ಬಂದು ಮುಗಿಯಿತೇ ಎಂದು ಕೇಳಿದ.

ಪೂಜ್ಯರೇ, ನನ್ನ ದೂರಿನ ತಿರುಳು ಆ ಖಾನೆಯಲ್ಲಿದೆ. ನಿಯಮ ಇಲ್ಲದಿದ್ದರೆ ನಿಯಮ ಮಾಡಿ ಎಂದು ಬೇಡುತ್ತಿದ್ದೆ. ನಿಯಮ ಇತ್ತು. ಅದು ಮಕ್ಕಳಿಗೆ ಗೊತ್ತಿರಲಿಲ್ಲ, ಪೋಷಕರಿಗೆ ಗೊತ್ತಿರಲಿಲ್ಲ, ಆ ತರಬೇತುದಾರರಿಗೂ ಯಾರೂ ಓದಿ ಹೇಳಿರಲಿಲ್ಲವೆಂದು ನಂತರ ಕಚೇರಿಯವರೇ ಒಪ್ಪಿಕೊಂಡರು.

ಮುಂದೇನಾಯಿತು ಎಂಬುದನ್ನೂ ಹೇಳಿಬಿಡುತ್ತೇನೆ. ಎರಡು ವಾರ ಕಳೆದ ಮೇಲೆ ತರಬೇತುದಾರರು ಬರುವುದು ನಿಂತಿತು. ಕಾರಣವನ್ನು ಯಾರೂ ಹೇಳಲಿಲ್ಲ. ನಾನು ಬರೆದುಕೊಟ್ಟ ದೂರಿಗೆ ತಲುಪಿದೆ ಎಂಬ ಒಂದು ಸಾಲಿನ ಉತ್ತರವೂ ಬರಲಿಲ್ಲ. ಮತ್ತೆರಡು ಬಾರಿ ಹೋಗಿ ಕೇಳಿದಾಗ 'ಅದೆಲ್ಲ ಮುಗಿದಿದೆಯಲ್ಲ' ಎಂಬ ಹಾರಿಕೆಯ ಮಾತು ಸಿಕ್ಕಿತು. ಅವರು ಈಗ ಬೇರೆ ಶಾಲೆಯೊಂದರಲ್ಲಿ ಬೇರೆ ಮಕ್ಕಳಿಗೆ ಕಲಿಸುತ್ತಿದ್ದಾರೋ ಏನೋ, ನನಗೆ ತಿಳಿಯದು. ತಂಡದ ಹುಡುಗಿಯರು ನನ್ನ ಮಗಳೊಡನೆ ಮಾತು ಬಿಟ್ಟರು. ಪಂದ್ಯಕ್ಕೆ ಹತ್ತು ದಿನ ಇರುವಾಗ ತರಬೇತಿ ನಿಂತುಹೋಗಿತ್ತಲ್ಲ, ಅದಕ್ಕೆ. 'ಅಪ್ಪಾ, ನಾನು ಆ ಮೊಬೈಲು ತೋರಿಸಬಾರದಿತ್ತೇ?' ಎಂದು ಅವಳು ಕೇಳಿದ ದಿನ ನನಗೆ ಅವರಿವರ ಮೇಲೆ ಬಂದ ಸಿಟ್ಟಿಗಿಂತ ಹೆಚ್ಚಿನ ಸಿಟ್ಟು ಈ ಮೌನದ ಮೇಲೆ ಬಂತು.

ಶಾಲೆಯ ಹೆಸರನ್ನು ನಾನು ಬರೆಯುತ್ತಿಲ್ಲ. ನನ್ನ ಮಕ್ಕಳು ಈಗಲೂ ಅಲ್ಲೇ ಓದುತ್ತಿದ್ದಾರೆ, ಅಲ್ಲಿನ ಅನೇಕ ಶಿಕ್ಷಕರ ಮೇಲೆ ನನಗೆ ಗೌರವವಿದೆ. ಜೊತೆಗೆ, ಬೇರೆ ಶಾಲೆಗಳ ಪೋಷಕರೊಡನೆ ಮಾತನಾಡಿದ ಮೇಲೆ ಆ ಖಾನೆ ಒಂದು ಶಾಲೆಯ ಮೇಜಿಗೆ ಮಾತ್ರ ಸೇರಿದ್ದಲ್ಲ ಎಂದು ಗೊತ್ತಾಯಿತು.

ಈಗ ನಿಮ್ಮದೇ ಮಾತುಗಳಿಗೆ ಬರುತ್ತೇನೆ. ಮಗುವಿಗೆ ದೀಕ್ಷಾಸ್ನಾನ ಕೊಡುವ ದಿನ, ವಿಶ್ವಾಸದ ಹಾದಿಯಲ್ಲಿ ಈ ಮಗುವಿಗೆ ಮೊದಲ ಗುರುಗಳು ನೀವೇ ಎಂದು ತಂದೆತಾಯಿಯನ್ನು ಹರಸಿ ಕಳುಹಿಸುತ್ತೀರಿ. ಜಗತ್ತಿನ ಧರ್ಮಾಧ್ಯಕ್ಷರು ಸೇರಿದ್ದ ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ ಶಿಕ್ಷಣದ ಘೋಷಣೆಯಲ್ಲಿ ಪೋಷಕರನ್ನು ಮಕ್ಕಳ ಮೊದಲ ಮತ್ತು ಪ್ರಧಾನ ಶಿಕ್ಷಕರೆಂದು ಕರೆದಿದೆ. ಆ ಪಾತ್ರ ತಪ್ಪಿದರೆ ಅದನ್ನು ತುಂಬಿಕೊಡುವುದು ಕಷ್ಟವೆಂದೂ ಹೇಳಿದೆ. ಜಗದ್ಗುರು (ಪೋಪ್) ಎರಡನೆಯ ಜಾನ್ ಪಾಲ್ 1981ರಲ್ಲಿ ಕುಟುಂಬದ ಕುರಿತು ಬರೆದ ಪತ್ರದಲ್ಲಿ, ಮಕ್ಕಳಿಗೆ ಶಿಕ್ಷಣ ಕೊಡುವ ಪೋಷಕರ ಈ ಹಕ್ಕನ್ನು ಬೇರೆಯವರಿಗೆ ಪೂರ್ತಿಯಾಗಿ ಒಪ್ಪಿಸಲು ಬಾರದು, ಬೇರೆಯವರು ಕಿತ್ತುಕೊಳ್ಳಲೂ ಬಾರದು ಎಂದರು. ಧರ್ಮಸಭೆ (ಕಥೋಲಿಕ ಚರ್ಚು) 1983ರಲ್ಲಿ ಹೊರಡಿಸಿದ ಕಾನೂನು ಸಂಹಿತೆ ಇನ್ನೂ ಮುಂದೆ ಹೋಗುತ್ತದೆ. ಅದರ 796ನೆಯ ವಿಧಿಯ ಪ್ರಕಾರ ಶಿಕ್ಷಕರು ಪೋಷಕರೊಡನೆ ನಿಕಟವಾಗಿ ಸಹಕರಿಸಬೇಕು, ಅವರ ಮಾತಿಗೆ ಮನಃಪೂರ್ವಕವಾಗಿ ಕಿವಿಗೊಡಬೇಕು, ಪೋಷಕರ ಸಂಘಗಳನ್ನೋ ಸಭೆಗಳನ್ನೋ ಸ್ಥಾಪಿಸಬೇಕು, ಅವುಗಳನ್ನು ಬಹಳ ಗೌರವದಿಂದ ಕಾಣಬೇಕು. ಒಂದೂಮುಕ್ಕಾಲು ಗಂಟೆ ಬೆಂಚಿನ ಮೇಲೆ ಕುಳಿತವನಿಗೆ ಆ ವಿಧಿಯನ್ನು ಓದುವಾಗ ನಗು ಬಂದರೆ ಕ್ಷಮಿಸಬೇಕು.

ನಮ್ಮಲ್ಲಿ ಪೋಷಕರ ಸಭೆ ಎಂದರೇನು? ಒಂದು ಶನಿವಾರ ಬೆಳಗ್ಗೆ ತರಗತಿಯ ಚಿಕ್ಕ ಬೆಂಚುಗಳಲ್ಲಿ ಮೊಣಕಾಲು ಮಡಚಿಕೊಂಡು ಕುಳಿತಿರುವ ಅರವತ್ತು ಜನ. ಒಬ್ಬೊಬ್ಬರಿಗೆ ಮೂರು ನಿಮಿಷ. ಗಣಿತದಲ್ಲಿ ಎಷ್ಟು, ವಿಜ್ಞಾನದಲ್ಲಿ ಎಷ್ಟು, ಇನ್ನೂ ಓದಬೇಕು, ಸಹಿ ಹಾಕಿ. ಸಂಘ ಇದೆಯೇ ಎಂದರೆ ಇದೆ. ಕಟ್ಟಡ ನಿಧಿಗೆ ಹಣ ಕೂಡಿಸುವಾಗ ಅದು ನಿದ್ದೆಯಿಂದ ಏಳುತ್ತದೆ.

ಆ ಮೂರು ನಿಮಿಷಗಳ ಬೆಲೆ ನನ್ನ ಮಗ ತೆತ್ತಿದ್ದಾನೆ. ಒಂದನೆಯ ತರಗತಿಯಿಂದಲೂ ಅವನ ಪ್ರಗತಿಪತ್ರದಲ್ಲಿ 'ಗಮನ ಸಾಲದು', 'ಓದಿನಲ್ಲಿ ಆಸಕ್ತಿ ಇಲ್ಲ' ಎಂದು ಕೆಂಪು ಶಾಯಿಯಲ್ಲಿ ಬರುತ್ತಿತ್ತು. ನಾನು ಅದನ್ನು ನಂಬಿದೆ. ಸಂಜೆ ಪಕ್ಕದಲ್ಲಿ ಕೂರಿಸಿಕೊಂಡು ಓದಿಸುತ್ತಿದ್ದೆ. ಅವನು ಬೆರಳಿಟ್ಟು ಓದುವಾಗ ಸಾಲು ಹಾರುತ್ತಿತ್ತು. ಮೇಲಿನ ಸಾಲಿನಲ್ಲಿ ಸರಿಯಾಗಿ ಓದಿದ ಪದವನ್ನು ಕೆಳಗಿನ ಸಾಲಿನಲ್ಲಿ ತಪ್ಪಾಗಿ ಓದುತ್ತಿದ್ದ. 'ಈಗತಾನೇ ಓದಿದೆಯಲ್ಲ!' ಎಂದು ಗದರುತ್ತಿದ್ದೆ. ಒಂದೆರಡು ಸಲ ಕೈಯೂ ಎತ್ತಿದ್ದೇನೆ. ಕಥೆ ಹೇಳು ಎಂದರೆ ಸೊಗಸಾಗಿ ಹೇಳುವ ಹುಡುಗ ಪುಸ್ತಕ ತೆರೆದೊಡನೆ ಹೊಟ್ಟೆನೋವು ಎನ್ನುತ್ತಿದ್ದ. ಬಂಧುವೊಬ್ಬರು ಒತ್ತಾಯಿಸಿದ್ದರಿಂದ ಪರೀಕ್ಷೆ ಮಾಡಿಸಿದೆವು. ಅವನಿಗೆ ಇದ್ದದ್ದು ಡಿಸ್ಲೆಕ್ಸಿಯಾ. ಬುದ್ಧಿಗೂ ಅದಕ್ಕೂ ಸಂಬಂಧವಿಲ್ಲ. ಅಕ್ಷರವನ್ನೂ ಅದರ ಧ್ವನಿಯನ್ನೂ ಕೂಡಿಸುವ ಕೆಲಸ ಅಂಥ ಮಕ್ಕಳಿಗೆ ತ್ರಾಸದ್ದು. ಬೇಗ ಗುರುತಿಸಿ, ಸರಿಯಾದ ಕ್ರಮದಲ್ಲಿ ಕಲಿಸಿದರೆ ಅವರು ಓದಲು ಕಲಿಯುತ್ತಾರೆ. ನಾವು ಎರಡು ವರ್ಷ ಕಳೆದುಕೊಂಡೆವು. ಅವನು ಆ ಎರಡು ವರ್ಷ ತಾನು ದಡ್ಡನೆಂದು ನಂಬಿಕೊಂಡಿದ್ದ.

ಈ ಲಕ್ಷಣಗಳನ್ನು ಬರೆಯಲು ಅರ್ಧ ಪುಟ ಸಾಕು. ರಿಬ್ಬನ್ನು, ಉಗುರು, ಬೂಟುಗಳ ಪುಟದ ಹಿಂಬದಿಯಲ್ಲೇ ಅಚ್ಚು ಹಾಕಬಹುದಿತ್ತು.

ಓದಿನ ವಿಷಯದಲ್ಲಿ ನಾವು ಪೋಷಕರು ನಿಮ್ಮಿಂದ ಬಯಸುವುದು ದೊಡ್ಡ ಗ್ರಂಥವನ್ನಲ್ಲ. ಈ ತರಗತಿಯ ಮಗು ಅರ್ಧ ವರ್ಷ ಕಳೆಯುವಷ್ಟರಲ್ಲಿ ಏನನ್ನು ಮಾಡಬಲ್ಲದಾಗಿರಬೇಕು, ಮಾಡಲಾಗದಿದ್ದರೆ ಮನೆಯಲ್ಲಿ ಏನು ಮಾಡಬಹುದು, ಯಾವಾಗ ಶಿಕ್ಷಕರನ್ನು ಕಾಣಬೇಕು ಎಂದು ತರಗತಿಗೊಂದು ಹಾಳೆ ಕೊಡಿ. ದಿನಕ್ಕೆ ಕಾಲು ಗಂಟೆ ಮಗುವಿಗೆ ಗಟ್ಟಿಯಾಗಿ ಓದಿ ಹೇಳಿದರೆ ಆಗುವ ಉಪಕಾರವನ್ನು ತಿಳಿಸಿ. ಗಣಿತ ಬಾರದ ತಾಯಿಯೂ 'ಈ ಲೆಕ್ಕವನ್ನು ನನಗೆ ಕಲಿಸು' ಎಂದು ಕೇಳಿ ಮಗುವಿಗೆ ನೆರವಾಗಬಹುದೆಂದು ಹೇಳಿಕೊಡಿ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆಗಳ ನಿದ್ದೆ ಬೇಕೆಂದು ನಿದ್ರಾತಜ್ಞರು ಹೇಳುತ್ತಾರೆ. ಅದನ್ನು ನಮಗೂ ತಿಳಿಸಿ, ಮನೆಗೆಲಸ ಕೊಡುವ ನಿಮ್ಮ ಶಿಕ್ಷಕರಿಗೂ ತಿಳಿಸಿ.

ಭಾಷೆಯ ಮಾತೂ ಇದೆ. ಸುತ್ತೋಲೆಗಳು ಬರುವುದು ಅನೇಕ ಪೋಷಕರು ಸರಾಗವಾಗಿ ಓದಲಾರದ ಭಾಷೆಯಲ್ಲಿ. ನನ್ನ ಪಕ್ಕದಲ್ಲಿ ಕೂರುವ ಒಬ್ಬ ತಾಯಿ ಅವುಗಳನ್ನು ತನ್ನ ಐದನೆಯ ತರಗತಿಯ ಮಗನಿಂದಲೇ ಓದಿಸಿಕೊಳ್ಳುತ್ತಾರೆ. ಅವನ ಬಗ್ಗೆ ಬಂದ ದೂರನ್ನು ಅವನೇ ಓದಿ ಹೇಳುವಾಗ ಅದು ಎಷ್ಟು ಬದಲಾಗುತ್ತದೋ ದೇವರೇ ಬಲ್ಲ. ಹದಿನೇಳನೆಯ ಶತಮಾನದ ಫ್ರಾನ್ಸಿನಲ್ಲಿ ಬಡಮಕ್ಕಳಿಗೆ ಶಾಲೆ ತೆರೆದ ಸಂತ ಜಾನ್ ಬ್ಯಾಪ್ಟಿಸ್ಟ್ ಡಿ ಲಾ ಸಾಲ್, ಓದನ್ನು ಲ್ಯಾಟಿನ್ನಿನಲ್ಲಿ ಆರಂಭಿಸುವ ರೂಢಿಯನ್ನು ಬಿಟ್ಟು ಮಕ್ಕಳು ಆಡುವ ಫ್ರೆಂಚಿನಲ್ಲೇ ಕಲಿಸಲು ತೊಡಗಿದರು. 1950ರಲ್ಲಿ ಧರ್ಮಸಭೆ ಅವರನ್ನು ಶಿಕ್ಷಕರ ಪಾಲಕ ಸಂತರೆಂದು ಸಾರಿತು. ಅವರ ಹಬ್ಬವನ್ನು ಆಚರಿಸುವ ಶಾಲೆಗಳು ತಾಯಂದಿರಿಗೆ ಅರ್ಥವಾಗುವ ಮಾತಿನಲ್ಲಿ ಒಂದು ಹಾಳೆ ಬರೆಯಲಾರವೇ?

ಸುರಕ್ಷತೆಯ ವಿಷಯಕ್ಕೆ ಮರಳುತ್ತೇನೆ. ಏಕೆಂದರೆ ಅಲ್ಲಿ ತಡವಾದರೆ ತಿದ್ದಿಕೊಳ್ಳಲು ಆಗದು. ಜಗದ್ಗುರು ಫ್ರಾನ್ಸಿಸ್ 2019ರ ಮೇ ತಿಂಗಳಲ್ಲಿ ಹೊರಡಿಸಿದ ಆಜ್ಞೆ, ದೌರ್ಜನ್ಯದ ದೂರು ಸ್ವೀಕರಿಸಲು ಜನರ ಕೈಗೆ ಸುಲಭವಾಗಿ ಎಟುಕುವ ವ್ಯವಸ್ಥೆ ಪ್ರತಿ ಧರ್ಮಪ್ರಾಂತ್ಯದಲ್ಲೂ (ಒಬ್ಬ ಧರ್ಮಾಧ್ಯಕ್ಷರ ಆಡಳಿತಕ್ಕೆ ಸೇರಿದ ಪ್ರದೇಶದಲ್ಲೂ) ಇರಬೇಕೆಂದು ವಿಧಿಸಿತು. 2023ರಲ್ಲಿ ಅದನ್ನು ಪರಿಷ್ಕರಿಸಿ ಕಾಯಂ ಮಾಡಿದರು. ದೂರು ಕೊಟ್ಟವರಿಗೆ ಕಿರುಕುಳ ಕೊಡಬಾರದು, ಅವರ ಬಾಯಿ ಮುಚ್ಚಿಸಬಾರದು, ನಾಡಿನ ಕಾನೂನು ಹೇಳುವ ಕರ್ತವ್ಯಗಳಿಗೆ ಅಡ್ಡಿಯಾಗಬಾರದು ಎಂಬುದೂ ಅದರಲ್ಲಿದೆ. ಇದಕ್ಕಾಗಿ ಕೃತಜ್ಞತೆ ಇದೆ. ಆದರೆ ಆ ಆಜ್ಞೆ ಮುಖ್ಯವಾಗಿ ಚರ್ಚಿನ ಗುರುಗಳನ್ನೂ ಸನ್ಯಾಸ ಸಂಸ್ಥೆಗಳ ಸದಸ್ಯರನ್ನೂ ಕುರಿತದ್ದು. ನನ್ನ ಮಕ್ಕಳ ಶಾಲೆಯಲ್ಲಿ ಸಿಸ್ಟರ್‌ಗಳು ನಾಲ್ವರು. ಉಳಿದ ಶಿಕ್ಷಕರು, ಗುಮಾಸ್ತರು, ವಾಹನ ಚಾಲಕರು, ತರಬೇತುದಾರರು, ಕಾವಲುಗಾರರು ಎಲ್ಲರೂ ಲೌಕಿಕರು. ಅವರಲ್ಲೊಬ್ಬರ ಬಗ್ಗೆ ಅಳುಕು ಮೂಡಿದರೆ ಪೋಷಕ ಹೋಗಬೇಕಾದ ಬಾಗಿಲು ಯಾವುದು? ಧರ್ಮಪ್ರಾಂತ್ಯದ ಕಚೇರಿಗೆ ಹೋದರೆ ಶಾಲೆಗೆ ಹೋಗಿ ಎನ್ನಬಹುದು, ಶಾಲೆಗೆ ಹೋದರೆ ಖಾನೆ ಎಳೆಯುತ್ತಾರೆ.

ಅಧಿಕಾರ ನಮ್ಮ ಕೈಯಲ್ಲಿಲ್ಲ ಎಂದು ಧರ್ಮಾಧ್ಯಕ್ಷರು ಹೇಳುವಂತಿಲ್ಲ. ಶಾಲೆಯನ್ನು ಯಾವ ಧಾರ್ಮಿಕ ಸಂಸ್ಥೆಯೇ ನಡೆಸುತ್ತಿರಲಿ, ಸಂಬಂಧಪಟ್ಟ ಧರ್ಮಾಧಿಕಾರಿಗಳ ಒಪ್ಪಿಗೆಯಿಲ್ಲದೆ ಅದು ಕಥೋಲಿಕ ಶಾಲೆ ಎಂಬ ಹೆಸರನ್ನು ಹೊತ್ತುಕೊಳ್ಳುವಂತಿಲ್ಲ ಎನ್ನುತ್ತದೆ ಸಂಹಿತೆಯ 803ನೆಯ ವಿಧಿ. ತಮ್ಮ ಪ್ರಾಂತ್ಯದ ಕಥೋಲಿಕ ಶಾಲೆಗಳನ್ನು ಸಂದರ್ಶಿಸುವ, ಅವುಗಳ ಮೇಲೆ ಕಣ್ಣಿಡುವ ಹಕ್ಕನ್ನು 806ನೆಯ ವಿಧಿ ನಿಮಗೆ ಕೊಟ್ಟಿದೆ. ನೀವು ಬಂದ ದಿನ ಮಕ್ಕಳು ಬಿಸಿಲಲ್ಲಿ ಸಾಲುಗಟ್ಟಿ ಹೂ ಹಿಡಿದು ನಿಂತಿದ್ದರು. ಹೊಸ ಕಟ್ಟಡವನ್ನು ಆಶೀರ್ವದಿಸಿದಿರಿ. ಮುಂದಿನ ಬಾರಿ ಬಂದಾಗ ಮುಖ್ಯೋಪಾಧ್ಯಾಯಿನಿಯವರ ಮೇಜಿನ ಕೆಳಗಿನ ಖಾನೆಯನ್ನೂ ತೆರೆಸಿ ನೋಡಿ.

ನಮಗೆ ಬೇಕಾದದ್ದು ಇಷ್ಟು. ಆ ಇಪ್ಪತ್ತನಾಲ್ಕು ಪುಟಗಳನ್ನು ಎರಡು ಪುಟಗಳಿಗೆ ಇಳಿಸಿ, ತಿಳಿಗನ್ನಡದಲ್ಲೋ ಆಯಾ ಪೋಷಕರ ಭಾಷೆಯಲ್ಲೋ ಬರೆಸಿ, ಡೈರಿಯ ಮೊದಲಲ್ಲೇ ಹಾಕಿ. ಸಿಬ್ಬಂದಿ ಮಾಡಬಾರದ್ದು ಯಾವುದು, ಮಗುವನ್ನು ಶಾಲೆಯಿಂದ ಕರೆದೊಯ್ಯಬಹುದಾದವರ ಪಟ್ಟಿಯನ್ನು ಹೇಗೆ ಇಡುತ್ತೀರಿ, ಪ್ರವಾಸಕ್ಕೆ ಹೋದಾಗ ಮಕ್ಕಳೊಡನೆ ಯಾರಿರುತ್ತಾರೆ, ಬೆಂಕಿ ಬಿದ್ದರೆ ಮಕ್ಕಳನ್ನು ಎಲ್ಲಿ ನಿಲ್ಲಿಸುತ್ತೀರಿ ಎಂಬುದೆಲ್ಲ ಅದರಲ್ಲಿರಲಿ. ಮಗು ಏನಾದರೂ ಹೇಳಿಕೊಂಡರೆ ಪೋಷಕರು ಹೇಗೆ ನಡೆದುಕೊಳ್ಳಬೇಕೆಂಬುದೂ ಇರಲಿ. ಇದು ನನಗೆ ಗೊತ್ತಿರಲಿಲ್ಲ: ಮಧ್ಯೆ ಬಾಯಿ ಹಾಕದೆ ಕೇಳಬೇಕು, ನಿನ್ನ ತಪ್ಪಲ್ಲ ಎನ್ನಬೇಕು, ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬಾರದು, ಪೊಲೀಸರಂತೆ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಬಾರದು, ಮಗು ಆಡಿದ ಮಾತನ್ನು ಮಗುವಿನ ಪದಗಳಲ್ಲೇ ಅಂದೇ ಬರೆದಿಡಬೇಕು, ಸಂದೇಶಗಳನ್ನು ಅಳಿಸಬಾರದು. ಅಂದು ರಾತ್ರಿ ನಾನು ಮಾಡಿದ ಮೊದಲ ಕೆಲಸವೇ ಸಿಟ್ಟಿನಲ್ಲಿ ಎರಡು ಸಂದೇಶ ಅಳಿಸಿದ್ದು.

ದೂರು ಕೇಳಲು ಶಾಲೆಯ ಆಡಳಿತದ ಸಾಲಿನಲ್ಲಿಲ್ಲದ ಒಬ್ಬರನ್ನು ನೇಮಿಸಿ, ಅವರ ಹೆಸರನ್ನೂ ಸಂಖ್ಯೆಯನ್ನೂ ಅಚ್ಚು ಹಾಕಿ. ಮುಖ್ಯೋಪಾಧ್ಯಾಯರಿಗೆ ಶಾಲೆಯ ಹೆಸರನ್ನು ಕಾಯುವ ಹೊಣೆಯೂ ಇರುತ್ತದೆ; ಎರಡು ಹೊಣೆಗಳು ಎದುರುಬದುರಾದಾಗ ಯಾವುದು ಗೆಲ್ಲುತ್ತದೆಂದು ನಾನು ಕಂಡಿದ್ದೇನೆ. ದೂರು ಕೊಟ್ಟವರಿಗೆ ಇಷ್ಟು ದಿನಗಳೊಳಗೆ ಲಿಖಿತ ಉತ್ತರ ಕೊಡಿ. ತನಿಖೆಯ ಗುಟ್ಟುಗಳು ಬೇಡ. ದೂರು ತಲುಪಿತು, ಪರಿಶೀಲಿಸಿದೆವು, ನಿಮ್ಮ ಮಗು ಮಾಡಿದ್ದು ಸರಿ, ಇಷ್ಟೇ ಸಾಕು. ಆ ಕೊನೆಯ ಮಾತನ್ನು ಶಾಲೆ ಹೇಳಿದ್ದರೆ ನನ್ನ ಮಗಳು ಆ ಪ್ರಶ್ನೆ ಕೇಳುತ್ತಿರಲಿಲ್ಲ. ಕಾನೂನಿಗೆ ತಿಳಿಸಬೇಕಾದ ಅಪರಾಧವಾಗಿದ್ದರೆ ಅದನ್ನು ಮೊದಲು ಕಾನೂನಿಗೆ ತಿಳಿಸಿ, ಆಮೇಲೆ ನಿಮ್ಮ ಸಭೆ ಕರೆಯಿರಿ. ಕೆಲಸ ಬಿಟ್ಟು ಹೋಗುವವರ ಕಡತವೂ ಅವರೊಡನೆ ಮುಂದಿನ ಶಾಲೆಗೆ ಹೋಗಲಿ.

ಮಕ್ಕಳ ಮಾತನ್ನೂ ಕೇಳಿ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ವ್ಯಾಟಿಕನ್ 1990ರಲ್ಲೇ ಒಪ್ಪಿಗೆ ಮುದ್ರೆ ಒತ್ತಿದೆ. ತನಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಗುವಿಗಿದೆ ಎನ್ನುತ್ತದೆ ಅದರ 12ನೆಯ ವಿಧಿ. ಶೌಚಾಲಯದ ಹಿಂಬದಿಯ ಕತ್ತಲೆ ಮೂಲೆ ಯಾವುದು, ಶಾಲಾ ವಾಹನದ ಯಾವ ಆಸನದಲ್ಲಿ ಕೂರಲು ಹೆದರಿಕೆ, ಊಟದ ಬಿಡುವಿನಲ್ಲಿ ಯಾರು ಯಾರನ್ನು ಕಾಡುತ್ತಾರೆ ಎಂಬುದು ಮಕ್ಕಳಿಗೆ ಗೊತ್ತಿರುವಷ್ಟು ಯಾವ ತನಿಖಾಧಿಕಾರಿಗೂ ಗೊತ್ತಿರುವುದಿಲ್ಲ. ಮಕ್ಕಳ ನಡುವೆಯೇ ಇದ್ದುಕೊಂಡು ಕೇಡನ್ನು ಮೊದಲೇ ತಡೆಯಬೇಕೆಂಬ ಪದ್ಧತಿಯನ್ನು, ಇಟಲಿಯ ಬಡಹುಡುಗರ ನಡುವೆ ದುಡಿದ ಸಂತ ಡಾನ್ ಬಾಸ್ಕೊ 1877ರಲ್ಲಿ ಬರೆದಿಟ್ಟರು. ಕಣ್ಗಾವಲು ಕ್ಯಾಮೆರಾ ಹಾಕಿಸಿದ್ದೇವಲ್ಲ ಎನ್ನುತ್ತೀರಿ. ಬಿಡುವಿನ ವೇಳೆ ಅಂಗಳದಲ್ಲಿ ನಿಲ್ಲುವ ಒಬ್ಬ ಶಿಕ್ಷಕಿ ಇನ್ನೂ ಅಗ್ಗ.

ನಮ್ಮ ಕಡೆಯ ತಪ್ಪುಗಳನ್ನು ಮುಚ್ಚಿಡುವುದು ನ್ಯಾಯವಲ್ಲ. ತರಗತಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ಪುಟದ ಮನೆಗೆಲಸಕ್ಕೆ ನೂರು ಸಂದೇಶ ಹರಿಯುತ್ತದೆ. ಶಿಕ್ಷಕಿಯೊಬ್ಬರು ಗದರಿದರೆ ರಾತ್ರೋರಾತ್ರಿ ಅವರ ಮಾನ ಹರಾಜು. ಮಕ್ಕಳ ಪ್ರಾಜೆಕ್ಟನ್ನು ನಾವೇ ಮಾಡಿ ಬಹುಮಾನ ತರುತ್ತೇವೆ. ಬಹುಪಾಲು ಸಾಮಾಜಿಕ ಜಾಲತಾಣಗಳು 13 ವರ್ಷ ತುಂಬದವರು ಖಾತೆ ತೆರೆಯಬಾರದು ಎಂದರೂ, ಹುಟ್ಟಿದ ವರ್ಷವನ್ನು ಸುಳ್ಳು ಬರೆದು ಮಕ್ಕಳಿಗೆ ಖಾತೆ ಮಾಡಿಕೊಡುವವರೂ ನಾವೇ. ಇವನ್ನೆಲ್ಲ ನಮಗೆ ಹೇಳುವ ಹಕ್ಕು ನಿಮಗಿದೆ. ವರ್ಷಕ್ಕೆ ಎರಡು ಸಂಜೆ ಕೂರಿಸಿಕೊಂಡು ಹೇಳಿ. ದುಡಿಯುವ ತಾಯಂದಿರು ಬರಬಲ್ಲ ಹೊತ್ತಿನಲ್ಲಿ ಹೇಳಿ. ಅಜ್ಜ ಅಜ್ಜಿಯರು ಸಾಕುತ್ತಿರುವ ಮಕ್ಕಳಿದ್ದಾರೆ, ಒಂಟಿ ಪೋಷಕರಿದ್ದಾರೆ, ನಮ್ಮ ವಿಶ್ವಾಸಕ್ಕೆ ಸೇರದ ಕುಟುಂಬಗಳಿವೆ. ಅವರು ಹಿಂದಿನ ಸಾಲಿನಲ್ಲಿ ಬಾಯಿ ಬಿಗಿದು ಕುಳಿತಿರುತ್ತಾರೆ, ಮಗುವಿನ ಸೀಟಿಗೆ ಎಲ್ಲಿ ಕುತ್ತು ಬಂದೀತೋ ಎಂಬ ಹೆದರಿಕೆಯಲ್ಲಿ. ಅವರನ್ನೂ ಹೆಸರು ಹಿಡಿದು ಕರೆಯಿರಿ. ಸ್ಪಷ್ಟವಾದ ನಿಯಮ ನಿರಪರಾಧಿ ಶಿಕ್ಷಕರನ್ನೂ ಕಾಯುತ್ತದೆ. ಆ ತರಬೇತುದಾರರ ಮನಸ್ಸಿನಲ್ಲಿ ಏನೂ ಇರಲಿಲ್ಲವೆಂದೇ ಇಟ್ಟುಕೊಳ್ಳಿ, ಒಂಬತ್ತನೆಯ ಪುಟವನ್ನು ಮೊದಲ ದಿನವೇ ಓದಿಸಿದ್ದರೆ ಅವರ ಹೆಸರೂ ಉಳಿಯುತ್ತಿತ್ತು.

ಲೂಕನ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಬರುವ ಪ್ರಸಂಗವನ್ನು ನೀವು ಎಷ್ಟೋ ಬಾರಿ ಬೋಧಿಸಿದ್ದೀರಿ. ಹಬ್ಬ ಮುಗಿಸಿ ಹಿಂದಿರುಗುವಾಗ ಹನ್ನೆರಡು ವರ್ಷದ ಬಾಲಯೇಸು ಜೊತೆಯ ಗುಂಪಿನಲ್ಲಿ ಎಲ್ಲೋ ಇರಬೇಕೆಂದು ಭಾವಿಸಿ ಮರಿಯ ಮತ್ತು ಜೋಸೆಫರು ಒಂದು ದಿನದ ದಾರಿ ನಡೆದುಬಿಡುತ್ತಾರೆ. ಪ್ರವಚನಗಳಲ್ಲಿ ನಾವು ಕೇಳುವುದು ದೇವಾಲಯದಲ್ಲಿ ಬೋಧಕರ ನಡುವೆ ಕುಳಿತ ಬಾಲಕನ ಜಾಣತನವನ್ನು. ಮಗಳ ತಂದೆಯಾದ ನನಗೆ ಈಗ ಕಣ್ಣಿಗೆ ಕಟ್ಟುವುದು ಆ ಒಂದು ದಿನದ ದಾರಿ. ಸಂತರಾದ ತಂದೆತಾಯಿಯೇ ಮಗ ಇನ್ನೊಬ್ಬರ ಜೊತೆ ಇರಬಹುದು ಎಂದುಕೊಂಡರು. ಶಾಲೆ ನೋಡಿಕೊಳ್ಳುತ್ತದೆ ಎಂದು ನಾವು ಅಂದುಕೊಂಡಿದ್ದೇವೆ, ಮನೆಯವರು ನೋಡಿಕೊಳ್ಳುತ್ತಾರೆ ಎಂದು ನೀವು ಅಂದುಕೊಂಡಿದ್ದೀರಿ. ಮಗು ನಡುವಿನ ದಾರಿಯಲ್ಲಿದೆ.

ಈ ವರ್ಷದ ಡೈರಿ ಬಂದಿದೆ. ಮಗನ ಡೈರಿಯಲ್ಲಿ ಹೊಸದಾಗಿ ಒಂದು ಪುಟ ಸೇರಿದೆ, ಬೂಟಿನ ಲೇಸು ಕಟ್ಟುವ ವಿಧಾನ. ಕೊನೆಯ ಪುಟದ ಚೀಟಿಯನ್ನು ಕತ್ತರಿಸಿ ಮೇಜಿನ ಮೇಲೆ ಇಟ್ಟಿದ್ದೇನೆ, ಎರಡೂ ಮಕ್ಕಳದ್ದು. ತರಗತಿ ಶಿಕ್ಷಕಿ ಎರಡು ಬಾರಿ ನೆನಪಿಸಿದ್ದಾರೆ. ಪಾಪ, ಅವರ ತಪ್ಪೇನೂ ಇಲ್ಲ. ಸಹಿ ಹಾಕಲು ನನ್ನದೇನೂ ಹಟವಿಲ್ಲ. ನೀಲಿ ಕಡತದ ಒಂದು ಪ್ರತಿ ಕಳುಹಿಸಿಕೊಡಿ. ಈ ಬಾರಿ ಓದಿಯೇ ಸಹಿ ಹಾಕುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಇಬ್ಬರು ಮಕ್ಕಳ ತಂದೆ